ಒಂದೇ ಮೈ, ಎರಡು ರಿಪೋರ್ಟು: ನಿದ್ದೆಯಲ್ಲಿ ಗಂಡಸರ ಹಾರ್ಮೋನ್ ಏನಾಗುತ್ತದೆ?

ಪಾಳಿಗಾರ · ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ವಯಸ್ಸು 34. ಬೀಪಿ ಇಲ್ಲ, ಶುಗರ್ ಇಲ್ಲ, ಮಾತ್ರೆ ಯಾವುದೂ ಇಲ್ಲ. ಕೆಲಸ ಮಾತ್ರ ರಾತ್ರಿ ಪಾಳಿ. ಕೆಲವು ತಿಂಗಳಿಂದ ಮೈಯಲ್ಲಿ ಕಸುವೇ ಇಲ್ಲ ಅನ್ನಿಸಿ ಟೆಸ್ಟೋಸ್ಟಿರೋನ್ ಪರೀಕ್ಷೆ ಮಾಡಿಸಿದೆ. ಆ ದಿನ ಬೆಳಿಗ್ಗೆ 9ಕ್ಕೆ ಮಲಗಿದ್ದೆ, ನಾಲ್ಕು ಗಂಟೆ ಕೂಡ ನೆಟ್ಟಗೆ ನಿದ್ದೆ ಬಂದಿರಲಿಲ್ಲ. ಸಂಜೆ 5ಕ್ಕೆ ರಕ್ತ ಕೊಟ್ಟೆ. ಡೆಸಿಲೀಟರಿಗೆ 298 ನ್ಯಾನೋಗ್ರಾಂ ಬಂತು. ಪಕ್ಕದಲ್ಲೇ ಕೆಂಪಕ್ಷರದಲ್ಲಿ 'ಕಡಿಮೆ' ಅಂತ.

ಗೆಳೆಯನೊಬ್ಬ, ಇಂಜೆಕ್ಷನ್ ಶುರು ಮಾಡು, ಎರಡು ವಾರದಲ್ಲಿ ಹುಲಿ ಆಗ್ತೀಯ ಅಂದ. ನನಗೆ ಧೈರ್ಯ ಬರಲಿಲ್ಲ. ಹತ್ತು ದಿನ ರಜೆ ಹಾಕಿ, ರಾತ್ರಿ ಹೊತ್ತೇ ಮಲಗಿ, ಬೆಳಿಗ್ಗೆ 8ಕ್ಕೆ ಇನ್ನೊಮ್ಮೆ ಕೊಟ್ಟೆ. ಈಗ 462!

ಎರಡರಲ್ಲಿ ಯಾವುದು ನಿಜ? ನಿದ್ದೆ ಮಾಡಿದ್ದಕ್ಕೇ ಇಷ್ಟೊಂದು ಏರುತ್ತಾ? ನಿದ್ದೆಯೊಳಗೆ ನಿಜಕ್ಕೂ ಏನು ನಡೆಯುತ್ತದೆ ಅಂತ ತಿಳಿದವರು ಹೇಳಿ.


ಕೀಟಲೆ ಕಿಟ್ಟ · ರಾತ್ರಿ 11:52

ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿ. 380. ಹುಲಿಯೂ ಅಲ್ಲ, ಇಲಿಯೂ ಅಲ್ಲ.


ಬೆಳ್ಳಿಚುಕ್ಕಿ · ಬೆಳಿಗ್ಗೆ 6:30

ಕಿಟ್ಟ ಅವರೇ, ನಗು ಬಂತು. ಆದರೆ ದಯವಿಟ್ಟು ಯಾರೂ ಹಾಗೆ ಭಾಗಿಸಬೇಡಿ. ನಾನು ಹಾರ್ಮೋನ್ ವಿಭಾಗದಲ್ಲಿ ಕೆಲಸ ಮಾಡುವವಳು. ಇಂಥ ಜೋಡಿ ರಿಪೋರ್ಟು ಹಿಡಿದುಕೊಂಡು ಬರುವವರನ್ನು ಆಗಾಗ ನೋಡುತ್ತೇನೆ.

ಪಾಳಿಗಾರರೇ, ಎರಡೂ ನಿಜ. ಟೆಸ್ಟೋಸ್ಟಿರೋನ್ ಅನ್ನೋದು ಎತ್ತರದ ಹಾಗೆ ಒಮ್ಮೆ ಅಳೆದರೆ ಮುಗಿಯುವ ಅಳತೆಯಲ್ಲ. ನೀವು ಮಲಗಿದ ಮೇಲೆ ಅದು ಏರಲು ಶುರುವಾಗುತ್ತದೆ. ಮೊದಲ ರೆಮ್ ನಿದ್ದೆ, ಅಂದರೆ ಕನಸಿನ ನಿದ್ದೆಯ ಹೊತ್ತಿಗೆ ಸಾಕಷ್ಟು ಮೇಲೆ ಹೋಗಿರುತ್ತದೆ. ಏಳುವವರೆಗೂ ಹೆಚ್ಚು ಕಡಿಮೆ ಅಲ್ಲೇ ನಿಲ್ಲುತ್ತದೆ. ಎದ್ದ ಮೇಲೆ ನಿಧಾನಕ್ಕೆ ಇಳಿಯುತ್ತಾ ಹೋಗಿ ಸಂಜೆಗೆ ತಳ ಮುಟ್ಟುತ್ತದೆ. 30ರಿಂದ 40 ವಯಸ್ಸಿನ ಗಂಡಸರಲ್ಲಿ ಬೆಳಿಗ್ಗೆ 8ರ ಅಳತೆಗಿಂತ ಸಂಜೆ 4ರ ಅಳತೆ ಶೇಕಡಾ 20ರಿಂದ 25ರಷ್ಟು ಕಡಿಮೆ ಇರುತ್ತದೆ. 70ರ ಹೊತ್ತಿಗೆ ಈ ಅಂತರ ಶೇಕಡಾ 10ಕ್ಕೆ ಇಳಿಯುತ್ತದೆ.

ಇನ್ನೊಂದು ವಿಷಯ. ಈ ಏರಿಕೆಗೆ ಗಡಿಯಾರಕ್ಕಿಂತ ನಿದ್ದೆ ಮುಖ್ಯ. ಹಗಲು ಮಲಗಿದರೂ ಏರುತ್ತದೆ. ಆದರೆ ಕನಿಷ್ಠ ಮೂರು ಗಂಟೆಯಾದರೂ ತುಂಡಾಗದ ನಿದ್ದೆ ಬೇಕು. ನಿಮ್ಮ ಮೊದಲ ರಿಪೋರ್ಟಿನ ದಿನ ನಿದ್ದೆ ಅರ್ಧಂಬರ್ಧ, ಮೇಲಿಂದ ಸಂಜೆ ಹೊತ್ತು. ಎರಡೂ ಸೇರಿ ಕೆಳಕ್ಕೆ ಎಳೆದಿವೆ. ಅದಕ್ಕೇ ಈ ಪರೀಕ್ಷೆಯನ್ನು ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ಎರಡು ದಿನ ಮಾಡಿಸದೆ 'ಕಡಿಮೆ' ಅಂತ ತೀರ್ಮಾನ ಮಾಡಬಾರದು.

ಇಂಜೆಕ್ಷನ್ ಮಾತಂತೂ ಬಿಟ್ಟೇಬಿಡಿ. ಹೊರಗಿಂದ ಟೆಸ್ಟೋಸ್ಟಿರೋನ್ ಬಂದರೆ, ಇಲ್ಲಿ ಸಾಕಷ್ಟಿದೆ ಅಂದುಕೊಂಡು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ, ವೃಷಣಗಳಿಗೆ ಕೆಲಸ ಹೇಳುವ ತನ್ನ ಎಲ್‌ಎಚ್ ಹಾರ್ಮೋನನ್ನು ನಿಲ್ಲಿಸುತ್ತದೆ. ಆಗ ವೃಷಣಗಳು ಕೆಲಸ ಬಿಟ್ಟು ಕೂರುತ್ತವೆ. ವೀರ್ಯಾಣುಗಳ ಸಂಖ್ಯೆ ಕುಸಿಯುತ್ತದೆ. ಮಕ್ಕಳು ಬೇಕು ಅನ್ನುವವರಿಗೆ ಇದು ಸಣ್ಣ ವಿಷಯ ಅಲ್ಲ.


ಪಾಳಿಗಾರ · ಬೆಳಿಗ್ಗೆ 7:05

ಮೇಡಂ, ತುಂಬಾ ಥ್ಯಾಂಕ್ಸ್. ಇಂಜೆಕ್ಷನ್ ಗೆಳೆಯನಿಗೆ ಇದನ್ನೇ ಕಳಿಸಿದೆ. ಓದಿದ್ದಾನೆ, ಉತ್ತರ ಇಲ್ಲ.

ಒಂದು ಅನುಮಾನ. ನಿದ್ದೆ ಪೂರ್ತಿ ಇಲ್ಲ ಅಂತಲ್ಲ, ಸ್ವಲ್ಪ ಕಮ್ಮಿ ಆದರೂ ಇಳಿಯುತ್ತಾ?


ಬೆಳ್ಳಿಚುಕ್ಕಿ · ಬೆಳಿಗ್ಗೆ 7:20

ಇಳಿಯುತ್ತದೆ. 2011ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ರಾಶೆಲ್ ಲೆಪ್ರೂ ಮತ್ತು ಈವ್ ವಾನ್ ಕೌಟರ್ 10 ಮಂದಿ ಆರೋಗ್ಯವಂತ ಯುವಕರನ್ನು ಒಂದು ವಾರ ದಿನಕ್ಕೆ ಐದೇ ಗಂಟೆ ಮಲಗಿಸಿದರು. ಹಗಲಿನ ಟೆಸ್ಟೋಸ್ಟಿರೋನ್ ಶೇಕಡಾ 10ರಿಂದ 15ರಷ್ಟು ಇಳಿಯಿತು. ವಯಸ್ಸಾಗುತ್ತಾ ವರ್ಷಕ್ಕೆ ಸರಾಸರಿ ಶೇಕಡಾ 1ರಿಂದ 2 ಇಳಿಯುತ್ತದೆ ಅನ್ನುವ ಲೆಕ್ಕದ ಪಕ್ಕ ಇಟ್ಟು ನೋಡಿ. ಹತ್ತೇ ಜನ ಅನ್ನುವುದನ್ನೂ ಮರೆಯಬೇಡಿ. ಚಿಕ್ಕ ಅಧ್ಯಯನ, ಆದರೆ ಅಚ್ಚುಕಟ್ಟಾಗಿ ಮಾಡಿದ್ದು.


ಸೂಜಿಮೊನೆ · ಬೆಳಿಗ್ಗೆ 10:15

ಈ ವಿಷಯ ಕಂಡು ಸುಮ್ಮನಿರಲು ಆಗಲಿಲ್ಲ. ಓದುತ್ತಿದ್ದ ಕಾಲದಲ್ಲಿ ಇಂಥದೇ ಒಂದು ನಿದ್ದೆಯ ಅಧ್ಯಯನಕ್ಕೆ ನಾನೇ ಮೈ ಒಡ್ಡಿದ್ದೆ. ಹೇಗಿರುತ್ತದೆ ಅಂತ ಹೇಳುತ್ತೇನೆ, ಕೇಳಿ.

ಮೊದಲು ತಲೆತುಂಬ ಅಂಟು ಹಚ್ಚಿ ತಂತಿ ಅಂಟಿಸುತ್ತಾರೆ. ಕಣ್ಣಿನ ಪಕ್ಕ ಎರಡು, ಗಲ್ಲದ ಕೆಳಗೆ ಒಂದು. ಮೆದುಳಿನ ಅಲೆ, ಕಣ್ಣಿನ ಓಡಾಟ, ಸ್ನಾಯುವಿನ ಬಿಗಿ ನೋಡಿ ಯಾವ ಹಂತದ ನಿದ್ದೆ ಅಂತ ಹೇಳೋದಕ್ಕೆ. ಆಮೇಲೆ ಮುಂಗೈಯ ರಕ್ತನಾಳಕ್ಕೆ ಒಂದು ಸಣ್ಣ ಕೊಳವೆ. ಅದಕ್ಕೆ ಉದ್ದನೆಯ ಪ್ಲಾಸ್ಟಿಕ್ ನಳಿಕೆ ಜೋಡಿಸಿ, ಗೋಡೆಯ ತೂತಿನಿಂದ ಪಕ್ಕದ ಕೋಣೆಗೆ ಎಳೆದಿದ್ದರು. ನಾನು ಇಲ್ಲಿ ಮಲಗಿರುತ್ತೇನೆ, ಆ ಕಡೆ ಒಬ್ಬರು ಕೂತು 20 ನಿಮಿಷಕ್ಕೊಮ್ಮೆ ನನ್ನ ರಕ್ತ ಸೆಳೆಯುತ್ತಿರುತ್ತಾರೆ. ಎಚ್ಚರ ಆದರೆ ಲೆಕ್ಕವೇ ಕೆಟ್ಟಿತು, ಅದಕ್ಕೇ ಗೋಡೆ. ರಕ್ತ ಹೆಪ್ಪುಗಟ್ಟದಿರಲಿ ಅಂತ ನಡುವೆ ಉಪ್ಪುನೀರು ಹನಿಯುತ್ತಾ ಇರುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 8ರವರೆಗೆ 30 ಟ್ಯೂಬು.

ಮೊದಲ ರಾತ್ರಿ ನನಗೆ ನಿದ್ದೆಯೇ ಹತ್ತಲಿಲ್ಲ. ಕೈ ಮಡಚಿದರೆ ನಳಿಕೆ ಮುಚ್ಚಿಹೋಗುತ್ತೆ ಅಂತ ಕೈಯನ್ನು ಕೋಲಿನ ಹಾಗೆ ಚಾಚಿಕೊಂಡು ಬಿದ್ದಿದ್ದೆ. ಬೆಳಿಗ್ಗೆ ಬೇಜಾರಾಗಿ ಕ್ಷಮೆ ಕೇಳಿದರೆ ಅವರು ನಕ್ಕು, "ಮೊದಲ ರಾತ್ರಿ ಯಾರದ್ದೂ ಲೆಕ್ಕಕ್ಕಿಲ್ಲ, ಅದು ಅಭ್ಯಾಸಕ್ಕೆ" ಅಂದರು.

ಎರಡನೇ ರಾತ್ರಿ 11ಕ್ಕೆ ಮಲಗಿಸಿದರು. ಮೂರನೇ ರಾತ್ರಿ 3 ಗಂಟೆಯವರೆಗೆ ಮಾತಾಡಿಸಿ ಮಾತಾಡಿಸಿ ಎಚ್ಚರ ಇಟ್ಟು, ಆಮೇಲೆ ಮಲಗಲು ಬಿಟ್ಟರು. ಕೆಲವು ವಾರ ಬಿಟ್ಟು ನನ್ನ ಗ್ರಾಫು ತೋರಿಸಿದರು. ಗ್ರೋತ್ ಹಾರ್ಮೋನ್, ಅಂದರೆ ಬೆಳವಣಿಗೆಯ ಹಾರ್ಮೋನಿನ ಗೆರೆ ನಿದ್ದೆ ಹತ್ತುವವರೆಗೂ ನೆಲಕ್ಕೆ ಅಂಟಿಕೊಂಡಿತ್ತು. 11ಕ್ಕೆ ಮಲಗಿದ ರಾತ್ರಿ, ನಿದ್ದೆ ಹತ್ತಿ ಸ್ವಲ್ಪ ಹೊತ್ತಿಗೇ ಒಂದು ದೊಡ್ಡ ಗುಡ್ಡ. ಒಂದೂವರೆ ಎರಡು ಗಂಟೆಯಲ್ಲಿ ಮತ್ತೆ ನೆಲಕ್ಕೆ. 3ಕ್ಕೆ ಮಲಗಿದ ರಾತ್ರಿ ಆ ಗುಡ್ಡ ಹಾಗೇ ಎದ್ದು 3 ಗಂಟೆಯ ಆಚೆಗೆ ಹೋಗಿ ಕೂತಿತ್ತು! ಕೆಳಗೆ ಕಾರ್ಟಿಸೋಲ್ ಅನ್ನುವ ಒತ್ತಡದ ಹಾರ್ಮೋನಿನ ಗೆರೆ ಇತ್ತಲ್ಲ, ಅದು ಮಾತ್ರ ಎರಡೂ ರಾತ್ರಿ ಸುಮಾರಾಗಿ ಒಂದೇ ಹೊತ್ತಿಗೆ ಏರಿತ್ತು. ಒಂದು ಹಾರ್ಮೋನು ನನ್ನ ಹಿಂದೆ ಬಂದಿತ್ತು, ಇನ್ನೊಂದು ನನ್ನನ್ನು ಕ್ಯಾರೇ ಅಂದಿರಲಿಲ್ಲ. ಆ ಹಾಳೆಯ ನಕಲು ಇನ್ನೂ ನನ್ನ ಹತ್ತಿರ ಇದೆ.


ಡಂಬಲ್ ದೇವ · ಬೆಳಿಗ್ಗೆ 11:02

ಹಾಗಾದರೆ "ರಾತ್ರಿ 10ರಿಂದ 2ರ ಒಳಗೆ ಮಲಗದಿದ್ದರೆ ಗ್ರೋತ್ ಹಾರ್ಮೋನ್ ಬರೋದೇ ಇಲ್ಲ" ಅಂತ ನಮ್ಮ ಟ್ರೇನರ್ ಹೇಳುವುದು ಸುಳ್ಳಾ? ನಾನು ಅದನ್ನು ನಂಬಿ ವರ್ಷದಿಂದ 9:45ಕ್ಕೇ ಹಾಸಿಗೆ ಸೇರುತ್ತಿದ್ದೇನೆ.


ಸೂಜಿಮೊನೆ · ಬೆಳಿಗ್ಗೆ 11:10

ಸೇರುವುದನ್ನು ನಿಲ್ಲಿಸಬೇಡಿ ಗುರು, ಅಭ್ಯಾಸ ಒಳ್ಳೆಯದೇ. ಆದರೆ ಕಾರಣ ತಪ್ಪು. ಆ ಹಾರ್ಮೋನು ಕಾಯುವುದು 10 ಗಂಟೆಗಲ್ಲ, ಗಾಢ ನಿದ್ದೆಗೆ. ಗಾಢ ನಿದ್ದೆ ಜಾಸ್ತಿ ಇರುವುದು ರಾತ್ರಿಯ ಮೊದಲ ಭಾಗದಲ್ಲಿ, ಅಂದರೆ ನೀವು ಮಲಗಿದ ಮೊದಲ ಎರಡು ಮೂರು ಗಂಟೆಯಲ್ಲಿ. ಹೆಚ್ಚಿನವರು 10, 11ಕ್ಕೆ ಮಲಗುತ್ತಾರೆ, ಅದರಿಂದ ಹುಟ್ಟಿದ ಮಾತು ಅಷ್ಟೇ.

1968ರಲ್ಲೇ ತಾಕಾಹಾಶಿ, ಕಿಪ್ನಿಸ್, ಡಾಗ್‌ಡೇ ಅನ್ನುವವರು ಇದನ್ನು ತೋರಿಸಿದ್ದರು. ಅದಕ್ಕೆ ಒಂದು ದಶಕದ ಹಿಂದಿನವರೆಗೂ ರಕ್ತದಲ್ಲಿ ಇಷ್ಟು ಸೂಕ್ಷ್ಮ ಪ್ರಮಾಣ ಅಳೆಯಲು ದಾರಿಯೇ ಇರಲಿಲ್ಲ. ರೊಸಾಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ 1950ರ ದಶಕದ ಕೊನೆಗೆ ವಿಕಿರಣ ಬಳಸಿ ಹಾರ್ಮೋನ್ ಅಳೆಯುವ ವಿಧಾನ ಕಂಡುಹಿಡಿದರು, ಬಾಗಿಲು ತೆರೆಯಿತು. ಯಾಲೋಗೆ 1977ರಲ್ಲಿ ನೊಬೆಲ್ ಬಂತು. ಬರ್ಸನ್ 1972ರಲ್ಲೇ ತೀರಿಕೊಂಡಿದ್ದರು, ಪಾಪ.


ಡಂಬಲ್ ದೇವ · ಬೆಳಿಗ್ಗೆ 11:18

ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟರೆ ಆ ದಿನದ ಪಾಲು ಹೋಯಿತು ಅಂತಲೇ ಲೆಕ್ಕ ತಾನೇ?


ಬೆಳ್ಳಿಚುಕ್ಕಿ · ಮಧ್ಯಾಹ್ನ 1:40

ಹಾಗೂ ಅಲ್ಲ. ನಿದ್ದೆಗೆಟ್ಟ ರಾತ್ರಿಯ ಗುಡ್ಡ ಹೋಗುತ್ತದೆ, ನಿಜ. ಆದರೆ ಮರುದಿನ ಹಗಲು ಸಣ್ಣ ಸಣ್ಣ ದಿಬ್ಬಗಳು ಜಾಸ್ತಿ ಏಳುತ್ತವೆ. 24 ಗಂಟೆಯ ಒಟ್ಟು ಲೆಕ್ಕದಲ್ಲಿ ಅಂಥ ದೊಡ್ಡ ನಷ್ಟ ಕಾಣಲಿಲ್ಲ ಅಂತ 2000ದಲ್ಲಿ ಬಂದ ಒಂದು ಅಧ್ಯಯನ ಹೇಳಿತು. ಒಂದು ರಾತ್ರಿಗೆ ಮೈ ಸಾಲ ತೀರಿಸಿಕೊಳ್ಳುತ್ತದೆ. ಅದಕ್ಕೇ ಒಂದು ರಾತ್ರಿ ನಿದ್ದೆ ಬರಲಿಲ್ಲ ಅಂತ ಒದ್ದಾಡಬೇಡಿ. ಒದ್ದಾಟವೇ ಎರಡನೇ ರಾತ್ರಿಯನ್ನೂ ಕೆಡಿಸುತ್ತದೆ.

ಹೆಂಗಸರಲ್ಲಿ ಈ ಚಿತ್ರ ಬೇರೆ. ಅವರಿಗೆ ಹಗಲಿನಲ್ಲೂ ದಿಬ್ಬಗಳು ಆಗಾಗ ಏಳುತ್ತಿರುತ್ತವೆ. ಯುವಕರಲ್ಲಿ ಮಾತ್ರ ದಿನದ ಬಹುಪಾಲು ಆ ಒಂದೇ ಗುಡ್ಡದಲ್ಲಿ ಬರುತ್ತದೆ. ಈ ವಿಷಯದಲ್ಲಿ ಗಂಡಸರು ಒಂದೇ ಬುಟ್ಟಿಯಲ್ಲಿ ಎಲ್ಲವನ್ನೂ ಇಟ್ಟವರು.


ಅರವತ್ತರ ಅರಳು · ಮಧ್ಯಾಹ್ನ 2:25

ನನಗೆ 63. ನಡೆದಾಡುತ್ತೇನೆ, ಕಾಯಿಲೆ ಇಲ್ಲ. ಮಗ ಕೊಡಿಸಿದ ಕೈಗಡಿಯಾರ ದಿನಾ ಬೆಳಿಗ್ಗೆ ಗಾಢ ನಿದ್ದೆ 20 ನಿಮಿಷ ಅಂತ ತೋರಿಸುತ್ತದೆ. ಅವನದು ಒಂದೂವರೆ ಗಂಟೆ. ಅದನ್ನು ನೋಡಿಯೇ ನನಗೆ ಅರ್ಧ ನಿದ್ದೆ ಹಾರಿದೆ. ಗಾಢ ನಿದ್ದೆಯೇ ಇಲ್ಲದಿದ್ದರೆ ನಮ್ಮಂಥವರಿಗೆ ಆ ಹಾರ್ಮೋನಿನ ಗತಿ ಏನು ತಾಯಿ?


ಬೆಳ್ಳಿಚುಕ್ಕಿ · ಸಂಜೆ 5:50

ಸರ್, ಮೊದಲು ಕೈಗಡಿಯಾರದ ಮಾತು. ಅದು ನೋಡುವುದು ಕೈಯ ಅಲುಗಾಟ ಮತ್ತು ನಾಡಿಯನ್ನು. ಸೂಜಿಮೊನೆ ಅವರ ತಲೆಗೆ ಅಂಟಿಸಿದ ತಂತಿ ನೋಡುವುದು ಮೆದುಳನ್ನು. ಗಾಢ ನಿದ್ದೆಯ ವಿಷಯದಲ್ಲಿ ಗಡಿಯಾರದ ಮಾತನ್ನು ಅಂದಾಜು ಅಂತಲೇ ತೆಗೆದುಕೊಳ್ಳಿ.

ಆದರೆ ನೀವು ಕೇಳಿದ್ದರಲ್ಲಿ ಸತ್ಯ ಇದೆ. ವಾನ್ ಕೌಟರ್ ತಂಡ 16ರಿಂದ 83 ವಯಸ್ಸಿನ 149 ಆರೋಗ್ಯವಂತ ಗಂಡಸರ ದಾಖಲೆ ಒಟ್ಟಿಗೆ ಇಟ್ಟು ನೋಡಿ 2000ದಲ್ಲಿ ಪ್ರಕಟಿಸಿತು. 16ರಿಂದ 25ರವರಲ್ಲಿ ನಿದ್ದೆಯ ಶೇಕಡಾ 18.9 ಭಾಗ ಗಾಢ ನಿದ್ದೆ. 36ರಿಂದ 50ರವರಲ್ಲಿ ಶೇಕಡಾ 3.4! ಅಂದರೆ ಈ ಇಳಿತ ಮುಪ್ಪಿನಲ್ಲಿ ಆಗುವುದಲ್ಲ. ನಲವತ್ತರ ಹೊತ್ತಿಗೆ ಬಹುಪಾಲು ಆಗಿಹೋಗಿರುತ್ತದೆ, ನಮಗೆ ಗೊತ್ತೇ ಆಗಿರುವುದಿಲ್ಲ. ಗ್ರೋತ್ ಹಾರ್ಮೋನೂ ಅದರ ಬೆನ್ನಿಗೇ ಇಳಿಯುತ್ತದೆ. ಹಾಗಾಗಿ ನಿಮ್ಮ ಮಗನೂ ಇನ್ನು ಕೆಲವೇ ವರ್ಷದಲ್ಲಿ ನಿಮ್ಮ ಸಾಲಿಗೇ ಬರುತ್ತಾರೆ ಅನ್ನಿ.

50ರ ನಂತರ ಇನ್ನೊಂದು ಬದಲಾವಣೆ. ರೆಮ್ ನಿದ್ದೆ ಕಡಿಮೆಯಾಗಿ ನಡುನಡುವೆ ಎಚ್ಚರ ಜಾಸ್ತಿಯಾಗುತ್ತದೆ. ಸಂಜೆ ಹೊತ್ತು ತಗ್ಗಬೇಕಾದ ಕಾರ್ಟಿಸೋಲ್ ಪೂರ್ತಿ ತಗ್ಗುವುದಿಲ್ಲ. ಅದನ್ನು ಸರಿಮಾಡಲು ಗ್ರೋತ್ ಹಾರ್ಮೋನ್ ಚುಚ್ಚಿಸಿಕೊಳ್ಳಬಹುದಾ ಅಂತ ಮುಂದೆ ಯಾರೋ ಕೇಳುತ್ತಾರೆ, ಮುಂಚೆಯೇ ಹೇಳುತ್ತೇನೆ. ಬೇಡ. ಆರೋಗ್ಯವಾಗಿರುವ ಹಿರಿಯರಿಗೆ ಅದರಿಂದ ಕಾಲು ಊತ, ಕೀಲುನೋವು, ಸಕ್ಕರೆ ಏರುಪೇರು ಬರುತ್ತವೆ.


ಮೂರೂವರೆ · ನಸುಕಿನ 3:52

ಹೊತ್ತು ನೋಡಿದರೇ ಗೊತ್ತಾಗುತ್ತೆ ಅಲ್ವಾ, ಹೆಸರು ಯಾಕೆ ಹೀಗೆ ಅಂತ. ದಿನಾ ಮೂರೂವರೆಗೆ ಎಚ್ಚರ. ಎದೆ ಡವಡವ. ಒಂದು ವಿಡಿಯೋದಲ್ಲಿ ಇದು ಕಾರ್ಟಿಸೋಲ್ ಜಾಸ್ತಿಯಾದ ಲಕ್ಷಣ, ಇಂಥಿಂಥ ಪುಡಿ ತಗೊಳ್ಳಿ ಅಂದರು. ಎರಡು ಡಬ್ಬಿ ಮುಗಿಸಿದ್ದೇನೆ. ಈಗಲೂ ಮೂರೂವರೆಗೇ ಎಚ್ಚರ, ಡಬ್ಬಿ ಮಾತ್ರ ಖಾಲಿ.


ಸೂಜಿಮೊನೆ · ಬೆಳಿಗ್ಗೆ 8:30

ಮೂರೂವರೆ ಅವರೇ, ನನ್ನ ಗ್ರಾಫಿನಲ್ಲೂ ಕಾರ್ಟಿಸೋಲ್ ಏರಲು ಶುರುವಾಗಿದ್ದು ಹೆಚ್ಚು ಕಡಿಮೆ ಅದೇ ಹೊತ್ತಿಗೆ. ನಾನು ಗೊರಕೆ ಹೊಡೆಯುತ್ತಿದ್ದೆ! ಎಲ್ಲ ಆರೋಗ್ಯವಂತರಲ್ಲೂ ಹೀಗೇ. ನಡುರಾತ್ರಿ ಸುಮಾರಿಗೆ ಕಾರ್ಟಿಸೋಲ್ ತಳದಲ್ಲಿರುತ್ತದೆ. ನಿದ್ದೆಯ ಮೊದಲ ಭಾಗ ಅದನ್ನು ಇನ್ನೂ ಅದುಮಿ ಹಿಡಿಯುತ್ತದೆ. ನಸುಕಿನ 2, 3 ಗಂಟೆ ಆದಮೇಲೆ ಅದು ಅಲೆ ಅಲೆಯಾಗಿ ಏರುತ್ತಾ, ಏಳುವ ಹೊತ್ತಿಗೆ ತುದಿ ಮುಟ್ಟುತ್ತದೆ. ಎದ್ದ ಮೇಲೆ ಮುಂದಿನ ಅರ್ಧ ಮುಕ್ಕಾಲು ಗಂಟೆಯಲ್ಲಿ ಮತ್ತೊಂದು ಜಿಗಿತ. ಇದನ್ನು ಕಾಯಿಲೆ ಅನ್ನುವುದೂ ಒಂದೇ, ಬೆಳಗಾಗುವುದನ್ನು ಕಾಯಿಲೆ ಅನ್ನುವುದೂ ಒಂದೇ.


ಬೆಳ್ಳಿಚುಕ್ಕಿ · ಬೆಳಿಗ್ಗೆ 8:55

ಸೂಜಿಮೊನೆ ಹೇಳಿದ್ದು ಸರಿ. ರಾತ್ರಿಯ ಕೊನೆಯ ಭಾಗದಲ್ಲಿ ಗಾಢ ನಿದ್ದೆ ತೀರಿ ತಿಳಿನಿದ್ದೆ, ರೆಮ್ ನಿದ್ದೆ ಉಳಿದಿರುತ್ತವೆ. ಯಾವ ಸಣ್ಣ ಕಾರಣಕ್ಕೂ ಎಚ್ಚರವಾಗುವುದು ಸುಲಭ. ಎಚ್ಚರವಾದಾಗ ಕಾರ್ಟಿಸೋಲ್ ಮೇಲೆ ಹೋಗುತ್ತಿರುತ್ತದೆ, ಅಷ್ಟೇ. ಅದೇ ಎಬ್ಬಿಸಿತು ಅನ್ನಲು ಆಧಾರ ಇಲ್ಲ. ಎದೆ ಬಡಿತ ದಿನಾ ಇದ್ದರೆ ಪುಡಿ ಬಿಟ್ಟು ಒಮ್ಮೆ ಡಾಕ್ಟರಿಗೆ ತೋರಿಸಿ. ಥೈರಾಯ್ಡ್, ಉಸಿರುಗಟ್ಟುವಿಕೆ, ಆತಂಕ, ಎಲ್ಲವನ್ನೂ ನೋಡಬೇಕಾಗುತ್ತದೆ.

ನನಗೆ ಬಲು ಇಷ್ಟದ ಒಂದು ಪ್ರಯೋಗ ಇದೆ, ಹೇಳದೆ ಇರಲಾರೆ. 1999ರಲ್ಲಿ ಜರ್ಮನಿಯ ಯಾನ್ ಬಾರ್ನ್ ತಂಡ ಮಾಡಿದ್ದು. ಮಲಗುವ ಮುಂಚೆ ಕೆಲವು ರಾತ್ರಿ "ನಿಮ್ಮನ್ನು 6ಕ್ಕೆ ಎಬ್ಬಿಸುತ್ತೇವೆ" ಅಂದರು, ಕೆಲವು ರಾತ್ರಿ "9ಕ್ಕೆ" ಅಂದರು. 6 ಅಂತ ಹೇಳಿದ ರಾತ್ರಿ, ಕಾರ್ಟಿಸೋಲನ್ನು ಹೊರಡಿಸುವ ಎಸಿಟಿಎಚ್ ಹಾರ್ಮೋನ್ 5 ಗಂಟೆಯಿಂದಲೇ ಏರತೊಡಗಿತು. 9 ಅಂತ ಹೇಳಿ ಮೋಸದಿಂದ 6ಕ್ಕೇ ಎಬ್ಬಿಸಿದಾಗ ಆ ಮುನ್ನೇರಿಕೆ ಇರಲಿಲ್ಲ. ಮಲಗಿದ್ದಾಗಲೂ ಒಳಗೆ ಯಾರೋ ಹೊತ್ತು ನೋಡುತ್ತಾ ಕೂತಿರುತ್ತಾರೆ. ಅಲಾರಂ ಹೊಡೆಯುವ ಎರಡು ನಿಮಿಷ ಮುಂಚೆ ಕಣ್ಣು ಬಿಡುತ್ತೇವಲ್ಲ, ಇದನ್ನು ಓದಿದ ಮೇಲೆ ಅದು ನನಗೆ ವಿಚಿತ್ರ ಅನ್ನಿಸುವುದಿಲ್ಲ.


ಮೂರೂವರೆ · ಬೆಳಿಗ್ಗೆ 9:10

ಅಂದರೆ ಮೂರೂವರೆಗೆ ಎಚ್ಚರ ಆಗುತ್ತೆ ಅಂತ ಹೆದರಿಕೊಂಡು ಮಲಗುವುದೇ ನನಗೆ ಅಲಾರಂ ಆಗಿಬಿಟ್ಟಿದೆಯಾ?


ಬೆಳ್ಳಿಚುಕ್ಕಿ · ಬೆಳಿಗ್ಗೆ 9:14

ಇರಬಹುದು. ಇವತ್ತು ಗಡಿಯಾರವನ್ನು ಗೋಡೆ ಕಡೆ ತಿರುಗಿಸಿ ಮಲಗಿ. ಎಚ್ಚರವಾದರೂ ಎಷ್ಟು ಹೊತ್ತು ಅಂತ ನೋಡಬೇಡಿ. ಇಲ್ಲಿಗೂ ಬರಬೇಡಿ!


ಪಾಳಿಗಾರ · ಸಂಜೆ 6:20

ಮತ್ತೆ ನನ್ನ ಪಾಡಿಗೆ ಬರುತ್ತೇನೆ. ಕಾರ್ಟಿಸೋಲ್ ಗಡಿಯಾರ ನೋಡಿಕೊಂಡು ಏರುವುದಾದರೆ, ನಾನು ಬೆಳಿಗ್ಗೆ 9ಕ್ಕೆ ಮಲಗುವಾಗ ಅದು ತುದಿಯಲ್ಲೇ ಇರುತ್ತದಲ್ಲಾ? ಮೈ ಎದ್ದೇಳು ಅನ್ನುತ್ತಿರುವಾಗ ನಾನು ಮಲಗು ಅನ್ನುತ್ತಿದ್ದೇನೆ.


ಸೂಜಿಮೊನೆ · ಸಂಜೆ 6:45

ಸರಿಯಾಗಿ ಹಿಡಿದಿರಿ ಅಣ್ಣ. ಜೊತೆಗೆ ಮೆಲಟೋನಿನ್ ಕೂಡ ನಿಮ್ಮ ಕಡೆ ಇರುವುದಿಲ್ಲ. ಅದು ನಿದ್ದೆ ಬರಿಸುವ ಹಾರ್ಮೋನ್ ಅಂತ ಎಲ್ಲರೂ ಅನ್ನುತ್ತಾರೆ, ನನಗೇನೋ ಆ ಮಾತು ಪೂರ್ತಿ ಸರಿ ಅನ್ನಿಸುವುದಿಲ್ಲ. ಅದು ಕತ್ತಲಾಯಿತು ಅಂತ ಡಂಗುರ ಸಾರುವ ಹಾರ್ಮೋನ್. ರಾತ್ರಿಯೆಲ್ಲ ಎದ್ದು ಓಡಾಡುವ ಇಲಿಗೂ ಅದು ಏರುವುದು ರಾತ್ರಿಯೇ. ನಮ್ಮಲ್ಲಿ ಮಲಗುವ ಎರಡು ಗಂಟೆ ಮುಂಚೆ ಶುರುವಾಗಿ, 2ರಿಂದ 4ರ ನಡುವೆ ತುದಿ ಮುಟ್ಟಿ, ಬೆಳಗಾದಂತೆ ಇಳಿಯುತ್ತದೆ. ಜೋರು ಬೆಳಕು ಕಣ್ಣಿಗೆ ಬಿದ್ದರೆ ನಡುರಾತ್ರಿಯಲ್ಲೂ ನಿಂತುಹೋಗುತ್ತದೆ. ಮನುಷ್ಯರಲ್ಲಿ ಇದನ್ನು 1980ರಲ್ಲಿ ಆಲ್ಫ್ರೆಡ್ ಲೂಯಿ ತಂಡ ತೋರಿಸಿತು.

ಹಾಗಾಗಿ ಹಗಲು ಮಲಗುವವರಿಗೆ ಗ್ರೋತ್ ಹಾರ್ಮೋನ್, ಪಿಟ್ಯುಟರಿಯದೇ ಇನ್ನೊಂದು ಹಾರ್ಮೋನಾದ ಪ್ರೊಲ್ಯಾಕ್ಟಿನ್, ಟೆಸ್ಟೋಸ್ಟಿರೋನ್ ನಿದ್ದೆಯ ಹಿಂದೆಯೇ ಬರುತ್ತವೆ. ಕಾರ್ಟಿಸೋಲ್, ಮೆಲಟೋನಿನ್ ಹಳೆಯ ಮನೆಯಲ್ಲೇ ಉಳಿಯುತ್ತವೆ. ಎರಡು ಗುಂಪಿನ ನಡುವೆ ನೀವು. ಕೆಲಸ ಮುಗಿಸಿ ಬರುವಾಗ ಕಪ್ಪು ಕನ್ನಡಕ, ಮಲಗುವ ಕೋಣೆಗೆ ದಪ್ಪ ಪರದೆ. ನನಗೆ ತಿಳಿದ ಮಟ್ಟಿಗೆ ಮಾತ್ರೆಗಿಂತ ಮೊದಲು ಮಾಡಬೇಕಾದ್ದು ಇದು.


ಡಂಬಲ್ ದೇವ · ರಾತ್ರಿ 8:05

ರಾತ್ರಿ ಪಾಳಿಯವರಿಗೆ ಹಸಿವು ಜಾಸ್ತಿ ಅನ್ನುವುದಕ್ಕೂ ಹಾರ್ಮೋನೇ ಕಾರಣವಾ?


ಬೆಳ್ಳಿಚುಕ್ಕಿ · ರಾತ್ರಿ 8:40

ಒಂದು ಪಾಲು. 2004ರಲ್ಲಿ 12 ಮಂದಿ ಆರೋಗ್ಯವಂತ ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿಸಿದರು. ಇನ್ನೆರಡು ರಾತ್ರಿ ಹತ್ತು ಗಂಟೆ ಹಾಸಿಗೆ ಕೊಟ್ಟರು. ಕಡಿಮೆ ನಿದ್ದೆಯಲ್ಲಿ ಸಾಕು ಅನ್ನಿಸುವ ಲೆಪ್ಟಿನ್ ಶೇಕಡಾ 18 ಇಳಿಯಿತು, ಹಸಿವು ಹುಟ್ಟಿಸುವ ಗ್ರೆಲಿನ್ ಶೇಕಡಾ 28 ಏರಿತು. ಹಸಿವೂ ಏರಿತು, ಅದರಲ್ಲೂ ಸಿಹಿ, ಉಪ್ಪು, ಪಿಷ್ಟದ ತಿಂಡಿ ಬೇಕು ಅನ್ನುವ ಹಸಿವು. ಆಮೇಲಿನ ಅಧ್ಯಯನಗಳೆಲ್ಲ ಇಷ್ಟೇ ಸ್ಪಷ್ಟವಾಗಿ ಬಂದಿಲ್ಲ. ಎಚ್ಚರವಿದ್ದಷ್ಟು ಹೊತ್ತು ಕೈಗೆ ತಿಂಡಿ ಸಿಗುತ್ತದೆ ಅನ್ನುವ ಸರಳ ಕಾರಣವನ್ನೂ ಮರೆಯಬಾರದು.


ಹೆಸರು ಬೇಡ · ರಾತ್ರಿ 10:30

ಕೇಳೋಕೆ ನಾಚಿಕೆ. ಬೆಳಿಗ್ಗೆ ಏಳುವಾಗ ಗಂಡಸರಿಗೆ ಆಗುತ್ತದಲ್ಲ, ಅದು ಈಗ ಅಪರೂಪ. ಟೆಸ್ಟೋಸ್ಟಿರೋನ್ ಕಮ್ಮಿ ಅಂತ ಅರ್ಥವಾ?


ಬೆಳ್ಳಿಚುಕ್ಕಿ · ರಾತ್ರಿ 10:45

ನಾಚಿಕೆ ಯಾಕೆ? ನನಗಿದು ದಿನಾ ಕೇಳುವ ಪ್ರಶ್ನೆ. ನಿಮಿರುವಿಕೆ ಬೆಳಿಗ್ಗೆ ಮಾತ್ರ ಆಗುವುದಲ್ಲ. ಒಂದೊಂದು ರೆಮ್ ನಿದ್ದೆಯ ಜೊತೆಗೂ ಆಗುತ್ತದೆ, ರಾತ್ರಿಗೆ ಮೂರು ನಾಲ್ಕು ಸಲ. ಕನಸು ಏನಿತ್ತು ಅನ್ನುವುದಕ್ಕೂ ಅದಕ್ಕೂ ಸಂಬಂಧ ಬೇಕಾಗಿಲ್ಲ. ಕೊನೆಯ ರೆಮ್ ನಿದ್ದೆಯಿಂದಲೇ ನೇರ ಎದ್ದರೆ ಗೊತ್ತಾಗುತ್ತದೆ. ಬೇರೆ ಹಂತದಲ್ಲಿ ಎದ್ದರೆ ಗೊತ್ತಾಗುವುದಿಲ್ಲ. ಟೆಸ್ಟೋಸ್ಟಿರೋನ್ ತೀರಾ ಕಡಿಮೆಯಾದರೆ ಇದು ಕುಗ್ಗುತ್ತದೆ, ನಿಜ. ಆದರೆ ನಿದ್ದೆ ತುಂಡಾಗುವುದು, ಕೆಲವು ಮಾತ್ರೆಗಳು, ರಕ್ತನಾಳದ ತೊಂದರೆ, ಸಕ್ಕರೆ ಕಾಯಿಲೆ, ಇವೂ ಕಾರಣ ಆಗಬಹುದು. ತಿಂಗಳುಗಟ್ಟಲೆ ಹೀಗಿದ್ದರೆ ತೋರಿಸಿಕೊಳ್ಳಿ.


ಮನೆಯಾಕೆ · ರಾತ್ರಿ 11:15

ಗಂಡಸರ ಮಾತಿನ ನಡುವೆ ಬಂದೆ, ಬೇಜಾರಿಲ್ಲ ತಾನೇ? ನಮ್ಮವರಿಗೆ 48. ಗೊರಕೆ ಅಂದರೆ ಅಂಥಿಂಥ ಗೊರಕೆ ಅಲ್ಲ. ನಡುವೆ ಇದ್ದಕ್ಕಿದ್ದ ಹಾಗೆ ನಿಂತುಹೋಗುತ್ತದೆ. ನಾನು ಎದ್ದು ಕೂತು ಎಣಿಸುತ್ತೇನೆ, ಹದಿನೈದು, ಇಪ್ಪತ್ತು. ಆಮೇಲೆ ದಡಕ್ಕನೆ ಉಸಿರು. ರಾತ್ರಿ ಮೂರು ಸಲ ಮೂತ್ರಕ್ಕೆ ಏಳುತ್ತಾರೆ. ಪ್ರಾಸ್ಟೇಟ್ ನೋಡಿಸಿದೆವು, ಏನೂ ಇಲ್ಲ ಅಂದರು. ಇದಕ್ಕೂ ಹಾರ್ಮೋನಿಗೂ ನಂಟಿದೆಯಾ?


ಬೆಳ್ಳಿಚುಕ್ಕಿ · ರಾತ್ರಿ 11:30

ಒಳ್ಳೆಯದಾಯಿತು ಅಕ್ಕ, ನೀವು ಬಂದದ್ದು. ಇದು ನಿದ್ದೆಯಲ್ಲಿ ಉಸಿರುಗಟ್ಟುವ ಕಾಯಿಲೆ ಇರಬಹುದು, ಸ್ಲೀಪ್ ಆಪ್ನಿಯಾ ಅನ್ನುತ್ತಾರೆ. ಗಂಟಲು ಮುಚ್ಚಿ ಉಸಿರು ಎಳೆಯಲು ಹೆಣಗಿದಾಗ ಎದೆಯೊಳಗಿನ ಒತ್ತಡ ಬದಲಾಗಿ ಹೃದಯದ ಮೇಲಿನ ಕೋಣೆ ಹಿಗ್ಗುತ್ತದೆ. ರಕ್ತ ಜಾಸ್ತಿಯಾಗಿದೆ ಅಂದುಕೊಂಡು ಹೃದಯವೇ ಒಂದು ಹಾರ್ಮೋನ್ ಬಿಡುತ್ತದೆ, ಏಟ್ರಿಯಲ್ ನೇಟ್ರಿಯುರೆಟಿಕ್ ಪೆಪ್ಟೈಡ್ ಅಂತ ಬಾಯಿ ತಿರುಗದ ಹೆಸರು. ಅದು ಉಪ್ಪು ನೀರನ್ನು ಹೊರಹಾಕು ಅಂತ ಮೂತ್ರಪಿಂಡಕ್ಕೆ ಹೇಳುತ್ತದೆ. ಮೂರು ಸಲ ಏಳುವುದಕ್ಕೆ ಅದೇ ಕಾರಣ ಇರಬಹುದು. ಜೊತೆಗೆ ನಿದ್ದೆ ನೂರು ಚೂರಾಗುವುದರಿಂದ ಗಾಢ ನಿದ್ದೆಯ ಗುಡ್ಡ ಏಳುವುದಿಲ್ಲ, ಟೆಸ್ಟೋಸ್ಟಿರೋನ್ ಕೂಡ ಇಳಿಯುತ್ತದೆ. ನಿದ್ದೆ ಪರೀಕ್ಷೆ ಮಾಡಿಸಿ, ತಡ ಮಾಡಬೇಡಿ. ನೀವು ಎಣಿಸಿದ ಆ ಅಂಕಿಗಳನ್ನು ಬರೆದಿಟ್ಟುಕೊಂಡು ಹೋಗಿ. ಡಾಕ್ಟರಿಗೆ ಅದರಷ್ಟು ಉಪಯೋಗದ ಮಾಹಿತಿ ಇನ್ನಿಲ್ಲ.


ಕೀಟಲೆ ಕಿಟ್ಟ · ರಾತ್ರಿ 11:41

ಒಂದು ಸೀರಿಯಸ್ ಪ್ರಶ್ನೆ, ನಂಬಿ. ನಿದ್ದೆಯಿಲ್ಲದ ರಾತ್ರಿಯ ಮರುದಿನ ಬೆಳ್ಳಂಬೆಳಿಗ್ಗೆ ಥೈರಾಯ್ಡ್ ಪರೀಕ್ಷೆ ಮಾಡಿಸಿದೆ. ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಟಿಎಸ್‌ಎಚ್ ಗೆರೆಗಿಂತ ಸ್ವಲ್ಪ ಮೇಲೆ. ಅದೂ ನಿದ್ದೆಯದೇ ಆಟವಾ?


ಬೆಳ್ಳಿಚುಕ್ಕಿ · ರಾತ್ರಿ 11:50

ಆಗಿರಬಹುದು. ಟಿಎಸ್‌ಎಚ್ ಸಂಜೆಯಿಂದ ಏರುತ್ತಾ ಮಲಗುವ ಹೊತ್ತಿಗೆ ತುದಿಗೆ ಬರುತ್ತದೆ. ನಿದ್ದೆ ಅದನ್ನು ತಡೆಯುತ್ತದೆ. ನಿದ್ದೆ ಬರದಿದ್ದರೆ ತಡೆ ಇಲ್ಲ, ಏರುತ್ತಲೇ ಹೋಗುತ್ತದೆ. ಚೆನ್ನಾಗಿ ಮಲಗಿ ಎದ್ದ ದಿನ ಇನ್ನೊಮ್ಮೆ ಮಾಡಿಸಿ. ಈ ಸಲ ಎರಡನ್ನೂ ಕೂಡಿಸಿ ಭಾಗಿಸಬೇಡಿ!


ಪಾಳಿಗಾರ · ಐದು ವಾರದ ನಂತರ, ಸಂಜೆ 4:10

ವಿಷಯ ತಿಳಿಸೋಣ ಅಂತ ಬಂದೆ. ರಾತ್ರಿ ಪಾಳಿ ಬಿಡಲಾಗಲಿಲ್ಲ. ಆದರೆ ಮಲಗುವ ಹೊತ್ತನ್ನು ಒಂದೇ ಕಡೆ ಕಟ್ಟಿಹಾಕಿದೆ. ಬೆಳಿಗ್ಗೆ 8:30ಕ್ಕೆ ಹಾಸಿಗೆ, ರಜೆ ದಿನವೂ ಆದಷ್ಟು ಹಾಗೇ. ಕಪ್ಪು ಕನ್ನಡಕ ಹಾಕಿಕೊಂಡು ಬರುವುದು ನೋಡಿ ಮನೆಯವರು ಸಿನಿಮಾ ಹೀರೋ ಬಂದ ಅಂತ ಕಿಚಾಯಿಸುತ್ತಾರೆ. ಈಗ ಆರೂವರೆ ಗಂಟೆ ನಿದ್ದೆ ಬರುತ್ತಿದೆ.

ಬೆಳ್ಳಿಚುಕ್ಕಿ ಮೇಡಂಗೆ ಖಾಸಗಿಯಾಗಿ ಕೇಳಿದ್ದೆ. ನಿಮ್ಮಂಥವರಿಗೆ ಗೋಡೆ ಗಡಿಯಾರದ ಬೆಳಿಗ್ಗೆ ಅಲ್ಲ, ನಿಮ್ಮ ಬೆಳಿಗ್ಗೆ ಮುಖ್ಯ, ದೊಡ್ಡ ನಿದ್ದೆಯಿಂದ ಎದ್ದ ಎರಡು ಮೂರು ಗಂಟೆಯೊಳಗೆ ರಕ್ತ ಕೊಡಿ ಅಂದರು. ಹಾಗೇ ಮಧ್ಯಾಹ್ನ 3ಕ್ಕೆ ಎದ್ದು, ಏನೂ ತಿನ್ನದೆ 4ಕ್ಕೆ ಕೊಟ್ಟೆ. 441.

ರಕ್ತ ತೆಗೆಯುವಾಗ, ಎಷ್ಟು ಹೊತ್ತಿಗೆ ಎದ್ದೆ ಅನ್ನುವುದನ್ನೂ ಫಾರಂನಲ್ಲಿ ಬರೆದುಕೊಳ್ಳಿ ಅಂದೆ. ಆ ಹುಡುಗ ಫಾರಂ ಹಿಂದೆ ಮುಂದೆ ತಿರುಗಿಸಿ ನೋಡಿದ. ಹೆಸರು, ವಯಸ್ಸು, ಊಟ ಆಗಿ ಎಷ್ಟು ಗಂಟೆ, ಎಲ್ಲಕ್ಕೂ ಜಾಗ ಇತ್ತು. "ಇದಕ್ಕೆ ಕಾಲಮ್ಮೇ ಇಲ್ಲ ಸರ್" ಅಂದ. ಪೆನ್ನು ಇಸಿದುಕೊಂಡು ಅಂಚಿನಲ್ಲಿ ನಾನೇ ಬರೆದೆ: ಎದ್ದದ್ದು 3 ಗಂಟೆಗೆ.